ಓದುಗರ ಪ್ರಶ್ನೆ: ಹಳೆಯ ಸಿಸ್ಟಮ್‌ಗಳಿಗೆ ಗೆಸ್ಟ್ ಯುಟಿಲಿಟಿ ಅಳವಡಿಸುವುದು ಹೇಗೆ?

ಪ್ರಶ್ನೆ: ವಿಂಡೋಸ್ 98ರಲ್ಲಿ ಮಾತ್ರ ನಡೆಯುವ ಹಳೆಯ ತಂತ್ರಾಂಶವೊಂದಕ್ಕಾಗಿ, ಗಣಕದೊಳಗೆ ಇನ್ನೊಂದು ಗಣಕವನ್ನು (ವರ್ಚುವಲ್ ಯಂತ್ರವನ್ನು) ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಆ ಸಿಸ್ಟಮ್ ಅನ್ನು ಹಾಕಿಕೊಂಡಿದ್ದೇನೆ. ಪರದೆ 640×480 ಅಳತೆಯಲ್ಲಿ, 16 ಬಣ್ಣಗಳಲ್ಲೇ ನಿಂತಿದೆ. ಮೌಸ್ ಆ ಕಿಟಕಿಯೊಳಗೆ ಸಿಕ್ಕಿಕೊಳ್ಳುತ್ತದೆ. ಕಡತಗಳನ್ನು ಹೊರತರುವ ದಾರಿ ಕಾಣುತ್ತಿಲ್ಲ. ಒಳಗಿನ ಸಿಸ್ಟಮ್‌ಗೆ ಇಂಥ ಅನುಕೂಲಗಳನ್ನು ಒದಗಿಸುವ ಗೆಸ್ಟ್ ಅಡಿಷನ್ಸ್ ಎಂಬ ಯುಟಿಲಿಟಿಯ ಸಿಡಿಯನ್ನು ಸೇರಿಸಿದರೂ ಅದರ ಸೆಟಪ್ ನಡೆಯುವುದೇ ಇಲ್ಲ. ನಾನು ಯಾವ ಆವೃತ್ತಿಯನ್ನು ಹುಡುಕಬೇಕು?

ಉತ್ತರ: ಹುಡುಕಾಟವನ್ನು ಇಲ್ಲಿಗೇ ನಿಲ್ಲಿಸಿ, ವಿಂಡೋಸ್ 95, 98 ಮತ್ತು ಎಂಇಗಳಿಗೆ ವರ್ಚುವಲ್‌ಬಾಕ್ಸ್ ತಯಾರಕರು ಗೆಸ್ಟ್ ಅಡಿಷನ್ಸ್ ಅನ್ನು ಬರೆದೇ ಇಲ್ಲ. ಅವರು ವಿಂಡೋಸ್‌ಗಾಗಿ ಬರೆದದ್ದು ಎನ್‌ಟಿ ವಂಶದ ಸಿಸ್ಟಮ್‌ಗಳಿಗೆ, ಅಂದರೆ ಎನ್‌ಟಿ 4.0, 2000, ಎಕ್ಸ್‌ಪಿ ಮತ್ತು ಅವುಗಳ ನಂತರ ಬಂದವುಗಳಿಗೆ. ವಿಂಡೋಸ್ 98 ಹೊರನೋಟಕ್ಕೆ ಅವುಗಳಂತೆಯೇ ಕಂಡರೂ ಅದರ ಒಳರಚನೆ ಬೇರೆಯಾದ್ದರಿಂದ ಎಕ್ಸ್‌ಪಿಯ ಡ್ರೈವರ್ ಅದರಲ್ಲಿ ಕೆಲಸ ಮಾಡದು. ಹಳೆಯ ಆವೃತ್ತಿಯ ಸಿಡಿಯಲ್ಲಾದರೂ ಇದ್ದೀತೆಂಬ ಆಸೆಯಿಂದ ಅನೇಕರು ದಿನಗಟ್ಟಲೆ ಅಲೆಯುತ್ತಾರೆ; ಅಂಥ ಸಿಡಿ ಇಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳಿಬಿಡುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ.

ಆದರೆ ಇದರಿಂದ ನಿರಾಶರಾಗಬೇಕಿಲ್ಲ. ಗೆಸ್ಟ್ ಅಡಿಷನ್ಸ್ ಒಂದೇ ಹೆಸರಿನಲ್ಲಿ ಬಂದರೂ ಅದರೊಳಗೆ ಪರದೆಯ ಡ್ರೈವರ್, ಮೌಸ್ ಡ್ರೈವರ್, ಹಂಚಿಕೆಯ ಫೋಲ್ಡರ್, ಕ್ಲಿಪ್‌ಬೋರ್ಡ್, ಗಡಿಯಾರದ ಹೊಂದಾಣಿಕೆ ಹೀಗೆ ಹಲವು ಪ್ರತ್ಯೇಕ ಸೇವೆಗಳಿವೆ. ನಿಮ್ಮ ಕೆಲಸಕ್ಕೆ ಇವುಗಳಲ್ಲಿ ಯಾವುದು ಬೇಕೆಂದು ಕೇಳಿಕೊಂಡು, ಒಂದೊಂದಕ್ಕೂ ಬೇರೆ ದಾರಿ ಹುಡುಕಿದರೆ ಬಹುಪಾಲು ತೊಂದರೆ ನೀಗುತ್ತದೆ.

ಮೊದಲು ಪರದೆ. ವಿಂಡೋಸ್ 9ಎಕ್ಸ್ (ಅಂದರೆ 95, 98, ಎಂಇ) ಸಿಸ್ಟಮ್‌ಗಳಿಗಾಗಿ ಬರೆಯಲಾದ ವಿಬಿಇಎಂಪಿ ಎಂಬ ಸಾರ್ವತ್ರಿಕ ಡ್ರೈವರ್ ಯಾವುದೇ ನಿರ್ದಿಷ್ಟ ವಿಡಿಯೊ ಕಾರ್ಡ್ ಅನ್ನು ಅವಲಂಬಿಸದೆ, ಎಲ್ಲ ಕಾರ್ಡ್‌ಗಳಿಗೂ ಸಾಮಾನ್ಯವಾದ ವೆಸಾ ಬಯೋಸ್ ಎಂಬ ವ್ಯವಸ್ಥೆಯ ಮೂಲಕವೇ ಪರದೆಯನ್ನು ನಡೆಸುತ್ತದೆ. ವರ್ಚುವಲ್ ಯಂತ್ರದ ಸೆಟ್ಟಿಂಗ್‌ಗಳಲ್ಲಿ ಗ್ರಾಫಿಕ್ಸ್ ನಿಯಂತ್ರಕವಾಗಿ ವಿಬಾಕ್ಸ್‌ವಿಜಿಎ ಆಯ್ಕೆಯಾಗಿದೆಯೇ ಎಂದು ನೋಡಿಕೊಳ್ಳಿ. ಆಮೇಲೆ ವಿಂಡೋಸ್ 98ರ ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್‌ಪ್ಲೇ ಅಡಾಪ್ಟರ್ ಅನ್ನು ತೆರೆದು, ‘ಅಪ್‌ಡೇಟ್ ಡ್ರೈವರ್’ ಒತ್ತಿ, ಪಟ್ಟಿಯಿಂದ ಆರಿಸದೆ ‘ಹ್ಯಾವ್ ಡಿಸ್ಕ್’ ಮೂಲಕ ಆ ಡ್ರೈವರ್ ಇರುವ ಫೋಲ್ಡರ್ ಅನ್ನು ತೋರಿಸಿ. ಮರುಚಾಲನೆಯಾದ ಬಳಿಕ 1024×768 ಅಳತೆಯೂ ಹೆಚ್ಚಿನ ಬಣ್ಣಗಳೂ ಸಿಗುತ್ತವೆ. ಈ ಡ್ರೈವರ್‌ನಲ್ಲಿ ಚಿತ್ರವೇಗವರ್ಧನೆ ಇಲ್ಲದ್ದರಿಂದ ಉದ್ದದ ಪುಟಗಳನ್ನು ಸರಿಸುವಾಗ ತುಸು ನಿಧಾನವೆನಿಸಬಹುದು; ಅಕ್ಷರ ಮತ್ತು ಅಂಕಿಗಳ ಕೆಲಸಕ್ಕೆ ಅದೇನೂ ಅಡ್ಡಿಯಲ್ಲ. ಮೂರು ಆಯಾಮದ ಆಟಗಳಿಗಾದರೆ ಸಾಫ್ಟ್‌ಜಿಪಿಯು ಎಂಬ ಇನ್ನೊಂದು ಯೋಜನೆಯಿದೆ. ಅದರ ಕರ್ತೃವೇ ಪ್ಯಾಚರ್‌9ಎಕ್ಸ್ ಎಂಬ ಉಪಕರಣವನ್ನೂ ಕೊಟ್ಟಿದ್ದು, ಹೊಸ ಪ್ರೊಸೆಸರ್‌ಗಳ ಮೇಲೆ ವಿಂಡೋಸ್ 98 ಏಕಾಏಕಿ ಕುಸಿಯುವ ಕೆಲವು ದೋಷಗಳನ್ನು ಅದು ಸರಿಪಡಿಸುತ್ತದೆ.

ಮೌಸ್ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಕೀಲಿಮಣೆಯ ಬಲಗಡೆಯ ಕಂಟ್ರೋಲ್ ಕೀಲಿ ಒತ್ತಿದರೆ ಅದು ಬಿಡುಗಡೆಯಾಗುತ್ತದೆ. ಸ್ವಲ್ಪ ಸಮಯದಲ್ಲಿ ಕೈಗೆ ರೂಢಿಯಾಗುತ್ತದೆ.

ನಿಜವಾಗಿ ಎಚ್ಚರ ಬೇಕಾದದ್ದು ಕಡತಗಳ ವಿಷಯದಲ್ಲಿ. ಒಳಗೆ ಕಳುಹಿಸುವುದು ಸುಲಭ: ಬೇಕಾದ ಕಡತಗಳಿಂದ ಒಂದು ಐಎಸ್‌ಒ (ಸಿಡಿಯ ಪ್ರತಿರೂಪದ ಕಡತ) ಮಾಡಿ ಸಿಡಿಯಂತೆ ಸೇರಿಸಿದರೆ ಸಾಕು, ಉದ್ದದ ಹೆಸರುಗಳು ಉಳಿಯಬೇಕಾದರೆ ಅದನ್ನು ಮಾಡುವಾಗ ಜೋಲಿಯೆಟ್ ಆಯ್ಕೆಯನ್ನು ಬಿಡಬೇಡಿ. ಮೇಲಿನ ಡ್ರೈವರ್ ಕೂಡ ಇದೇ ದಾರಿಯಲ್ಲಿ ಒಳಗೆ ಹೋಗಬೇಕು. ಹೊರತರುವುದಕ್ಕೆ ಮಾತ್ರ ಬರೆಯಬಲ್ಲ ಡಿಸ್ಕ್ ಬೇಕು. ಚಿಕ್ಕ ಕಡತಗಳಿಗೆ 1.44 ಎಂಬಿ ಫ್ಲಾಪಿ ಇಮೇಜ್ ಸಾಕಾಗುತ್ತದೆ. ದೊಡ್ಡವುಗಳಿಗೆ ವಿಎಚ್‌ಡಿ ಮಾದರಿಯ ಎರಡನೆಯ ಹಾರ್ಡ್‌ಡಿಸ್ಕ್ ಒಂದನ್ನು ಸೃಷ್ಟಿಸಿ, ಒಳಗಿನಿಂದ ಅದನ್ನು ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ. ವರ್ಚುವಲ್ ಯಂತ್ರವನ್ನು ಪೂರ್ತಿ ಮುಚ್ಚಿದ ಮೇಲೆ, ಹೊರಗಿನ ಗಣಕದಲ್ಲಿ ವಿಂಡೋಸ್ 10 ಇದ್ದರೆ, ಅದರ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಅಟ್ಯಾಚ್ ವಿಎಚ್‌ಡಿ’ ಕೊಟ್ಟು ಅದನ್ನು ಸಾಮಾನ್ಯ ಡ್ರೈವ್‌ನಂತೆ ತೆರೆಯಬಹುದು. ಇಲ್ಲಿ ಎರಡು ಎಚ್ಚರಿಕೆಗಳಿವೆ. ಒಂದೇ ಡಿಸ್ಕ್ ಅನ್ನು ಏಕಕಾಲಕ್ಕೆ ಎರಡೂ ಕಡೆ ತೆರೆಯಬಾರದು. ಹಾಗೆ ತೆರೆದರೆ ಕಡತಪಟ್ಟಿ ಕೆಟ್ಟು, ಉಳಿಸಲು ಹೊರಟ ಮಾಹಿತಿಯನ್ನೇ ಕಳೆದುಕೊಳ್ಳುತ್ತೀರಿ. ಇನ್ನೊಂದು, ಸ್ನ್ಯಾಪ್‌ಶಾಟ್ (ಬೇಕಾದಾಗ ಹಿಂದಿರುಗಲು ಉಳಿಸಿಟ್ಟ ಆ ಕ್ಷಣದ ಸ್ಥಿತಿ) ತೆಗೆದ ನಂತರ ಬರೆದದ್ದೆಲ್ಲ ಮೂಲ ಡಿಸ್ಕ್ ಕಡತಕ್ಕೆ ಹೋಗದೆ ಬೇರೊಂದು ಕಡತಕ್ಕೆ ಸೇರುವುದರಿಂದ, ಹೊರಗೆ ತೆರೆದು ನೋಡಿದಾಗ ನಿನ್ನೆ ಉಳಿಸಿದ ಕಡತಗಳು ಕಾಣದೇ ಹೋಗುತ್ತವೆ. ವರ್ಚುವಲ್ ಮೀಡಿಯಾ ಮ್ಯಾನೇಜರ್‌ನಲ್ಲಿ ಈ ಎರಡನೆಯ ಡಿಸ್ಕ್‌ನ ಬಗೆಯನ್ನು ‘ರೈಟ್‌ಥ್ರೂ’ ಎಂದು ಮೊದಲೇ ಬದಲಿಸಿಟ್ಟರೆ ಸ್ನ್ಯಾಪ್‌ಶಾಟ್ ಅದನ್ನು ಮುಟ್ಟುವುದಿಲ್ಲ. ಸಿಸ್ಟಮ್ ಇರುವ ಮೊದಲ ಡಿಸ್ಕ್‌ಗಾದರೋ, ಯಾವ ಡ್ರೈವರ್ ಹಾಕುವ ಮುನ್ನವೂ ಒಂದು ಸ್ನ್ಯಾಪ್‌ಶಾಟ್ ತೆಗೆದಿಡಲೇಬೇಕು.

ಹಳೆಯ ನೆಟ್‌ವರ್ಕ್ ಹಂಚಿಕೆಯ ಮೂಲಕ ಕಡತ ಸಾಗಿಸಿ ಎಂದು ಕೆಲವರು ಸಲಹೆ ಕೊಡುವುದುಂಟು. ಅದಕ್ಕಾಗಿ ಹೊಸ ವಿಂಡೋಸ್‌ನಲ್ಲಿ ಎಸ್‌ಎಂಬಿ 1 ಎಂಬ ಹಳೆಯ ಹಂಚಿಕೆಯ ವಿಧಾನವನ್ನು ಮತ್ತೆ ಚಾಲೂ ಮಾಡಬೇಕಾಗುತ್ತದೆ. ಸುರಕ್ಷತೆಯ ಕಾರಣದಿಂದಲೇ ಮೈಕ್ರೋಸಾಫ್ಟ್ ಅದನ್ನು ನಿಲ್ಲಿಸಿರುವಾಗ, ಒಂದು ಹಳೆಯ ತಂತ್ರಾಂಶಕ್ಕಾಗಿ ಇಡೀ ಗಣಕದ ಬಾಗಿಲು ತೆರೆದಿಡುವುದನ್ನು ನಾನು ಒಪ್ಪಲಾರೆ.

ಇಷ್ಟೆಲ್ಲ ಬೇಡ, ಸಿದ್ಧ ಯುಟಿಲಿಟಿಯೇ ಬೇಕು ಎನ್ನುವುದಾದರೆ ವರ್ಚುವಲ್‌ಬಾಕ್ಸ್‌ನಂಥದೇ ಇನ್ನೊಂದು ತಂತ್ರಾಂಶವಾದ ವಿಎಂವೇರ್ ಕಡೆ ನೋಡಬಹುದು. ವಿಂಡೋಸ್ 95, 98, ಎಂಇ ಮತ್ತು ಎನ್‌ಟಿಗಳಿಗೆ ಅದರ ತಯಾರಕರು ತಮ್ಮ ಗೆಸ್ಟ್ ಯುಟಿಲಿಟಿಯಾದ ವಿಎಂವೇರ್ ಟೂಲ್ಸ್ ಅನ್ನು ‘ವಿನ್‌ಪ್ರಿ2ಕೆ’ ಎಂಬ ಹೆಸರಿನ ಐಎಸ್‌ಒನಲ್ಲಿ ಬಿಡುಗಡೆ ಮಾಡಿದ್ದರು.

ಪ್ರಶ್ನೆ: ನನ್ನದು ಬರೀ ಡಾಸ್, ಅಂದರೆ ವಿಂಡೋಸ್‌ಗಿಂತ ಹಿಂದಿನ, ಆದೇಶಗಳನ್ನು ಟೈಪ್ ಮಾಡಿ ನಡೆಸುವ ಸಿಸ್ಟಮ್. ವರ್ಚುವಲ್‌ಬಾಕ್ಸ್‌ನ ಹಂಚಿಕೆಯ ಫೋಲ್ಡರ್ ಅಲ್ಲಿ ಸಿಗಬಹುದೇ? ಡಾಸ್ ಸುಮ್ಮನೆ ಕುಳಿತಿರುವಾಗಲೂ ಗಣಕದ ಫ್ಯಾನ್ ಜೋರಾಗಿ ತಿರುಗುವುದೇಕೆ?

ಉತ್ತರ: ಸಿಗುತ್ತದೆ. ತಯಾರಕರ ಗೆಸ್ಟ್ ಅಡಿಷನ್ಸ್ ಡಾಸ್‌ಗೂ ಇಲ್ಲ. ಆದರೆ ಆಸಕ್ತರೊಬ್ಬರು ಬರೆದ ವಿಬಿಎಡಾಸ್ ಎಂಬ ಉಪಕರಣಗಳ ಕಟ್ಟು ಆ ಕೊರತೆಯನ್ನು ಬಹಳ ಚೆನ್ನಾಗಿ ತುಂಬಿದೆ. ಅದರಲ್ಲಿ ವಿಬಿಮೌಸ್ ಎಂಬುದು ಮೌಸ್ ಡ್ರೈವರ್. ವಿಬಿಎಸ್‌ಎಫ್ ಎಂಬುದು ಹಂಚಿಕೆಯ ಫೋಲ್ಡರ್ ಅನ್ನು ಡಾಸ್‌ನ ಒಂದು ಡ್ರೈವ್ ಅಕ್ಷರಕ್ಕೆ ಜೋಡಿಸುತ್ತದೆ. ಹೀಗೆ ಜೋಡಿಸುವ ಅಕ್ಷರಕ್ಕೆ ಡಾಸ್‌ನಲ್ಲಿ ಜಾಗವಿರಬೇಕಾದ್ದರಿಂದ ಕಾನ್ಫಿಗ್.ಸಿಸ್ ಕಡತದಲ್ಲಿ ‘ಲಾಸ್ಟ್‌ಡ್ರೈವ್’ ಸಾಲನ್ನು ಝಡ್ ಅಕ್ಷರದವರೆಗೆ ವಿಸ್ತರಿಸಿ, ಒಮ್ಮೆ ಮರುಚಾಲನೆ ಮಾಡಿ. ಹಂಚಿಕೆಯ ಫೋಲ್ಡರ್‌ಗೂ ಅದರೊಳಗಿನ ಕಡತಗಳಿಗೂ ಎಂಟು ಅಕ್ಷರ ಮೀರದ ಹೆಸರು, ಮೂರು ಅಕ್ಷರ ಮೀರದ ವಿಸ್ತರಣೆ ಇಟ್ಟುಕೊಂಡರೆ ಗೊಂದಲವಾಗದು.

ಫ್ಯಾನ್ ತಿರುಗಲು ಕಾರಣ ಡಾಸ್‌ನ ಹಳೆಯ ಸ್ವಭಾವ. ಕೀಲಿಗಾಗಿ ಕಾಯುವಾಗ ಅದು ಪ್ರೊಸೆಸರ್‌ಗೆ ವಿಶ್ರಾಂತಿಯ ಆದೇಶ ಕೊಡದೆ, ‘ಕೀಲಿ ಬಂತೇ, ಕೀಲಿ ಬಂತೇ’ ಎಂದು ಬಿಡುವಿಲ್ಲದೆ ಪರೀಕ್ಷಿಸುತ್ತಲೇ ಇರುತ್ತದೆ. ಹಾಗಾಗಿ ಹೊರಗಿನ ಗಣಕದ ಒಂದು ಕೋರ್ ಪೂರ್ತಿ ದುಡಿಯುತ್ತದೆ. ಡಾಸ್‌ಐಡಲ್ ಎಂಬ ಚಿಕ್ಕ ಯುಟಿಲಿಟಿ ಆ ಬಿಡುವಿನಲ್ಲಿ ಎಚ್‌ಎಲ್‌ಟಿ ಎಂಬ ವಿಶ್ರಾಂತಿಯ ಆದೇಶವನ್ನು ಕೊಡುತ್ತದೆ. ಡಾಸ್‌ನ ಮುಕ್ತ ರೂಪವಾದ ಫ್ರೀಡಾಸ್ ಬಳಸುವವರಿಗೆ ಇದೇ ಕೆಲಸದ ಎಫ್‌ಡಿಎಪಿಎಂ ಅದರ ಜೊತೆಯಲ್ಲೇ ಬರುತ್ತದೆ. ‘ಎಪಿಎಂಡಾಸ್’ ಎಂಬ ಆಯ್ಕೆಯೊಡನೆ ಅದನ್ನು, ಡಾಸ್ ಆರಂಭವಾಗುವಾಗ ತಾನಾಗಿ ನಡೆಯುವ ಆಟೊಎಕ್ಸೆಕ್ ಕಡತಕ್ಕೆ ಸೇರಿಸಿ.

ಪ್ರಶ್ನೆ: ಹಳೆಯ ಮ್ಯಾಕ್ ಗಣಕವನ್ನು ಅನುಕರಿಸುವ ಮಿನಿ ವಿಮ್ಯಾಕ್ ಎಂಬ ಎಮ್ಯುಲೇಟರ್‌ನಲ್ಲಿ ಹಳೆಯ ಮ್ಯಾಕಿಂಟಾಷ್ ಪ್ಲಸ್ ಅನ್ನು ನಡೆಸುತ್ತಿದ್ದೇನೆ. ಅದರೊಳಗಿನ ಬರಹಗಳನ್ನು ಹೊರತರುವುದು ಹೇಗೆ?

ಉತ್ತರ: ಈ ಎಮ್ಯುಲೇಟರ್‌ನಲ್ಲಿ ಸೇವೆಗಳನ್ನು ಮೊದಲೇ ಬಿಡಿಬಿಡಿಯಾಗಿ ಕೊಟ್ಟಿದ್ದಾರೆ, ನನಗೆ ಅದರ ಈ ಸರಳತೆ ಬಹಳ ಹಿಡಿಸುತ್ತದೆ. ಇಂಪೋರ್ಟ್‌ಎಫ್‌ಎಲ್ ಮತ್ತು ಎಕ್ಸ್‌ಪೋರ್ಟ್‌ಎಫ್‌ಎಲ್ ಕಡತಗಳಿಗೆ, ಕ್ಲಿಪ್‌ಇನ್ ಮತ್ತು ಕ್ಲಿಪ್‌ಔಟ್ ಪಠ್ಯಕ್ಕೆ. ಇವು ಡಿಸ್ಕ್ ಇಮೇಜ್ ರೂಪದಲ್ಲಿ ಸಿಗುತ್ತವೆ. ಆ ಇಮೇಜ್ ಅನ್ನು ಎಮ್ಯುಲೇಟರ್‌ನ ಕಿಟಕಿಯ ಮೇಲೆ ಎಳೆದು ಬಿಟ್ಟರೆ ಫ್ಲಾಪಿಯಂತೆ ತೆರೆದುಕೊಳ್ಳುತ್ತದೆ. ಒಂದೆರಡು ಪುಟಗಳಷ್ಟೇ ಇದ್ದರೆ ಒಳಗೆ ಪಠ್ಯವನ್ನು ಕಾಪಿ ಮಾಡಿ, ಕ್ಲಿಪ್‌ಔಟ್ ನಡೆಸಿ, ಹೊರಗೆ ಪೇಸ್ಟ್ ಮಾಡಿ.

ಕಡತವನ್ನೇ ಹೊರತಂದಾಗ ಇಡೀ ಬರಹ ಒಂದೇ ಉದ್ದದ ಸಾಲಾಗಿ ಕಂಡರೆ ಗಾಬರಿಯಾಗಬೇಡಿ. ಹಳೆಯ ಮ್ಯಾಕ್ ಸಾಲಿನ ಕೊನೆಗೆ 13ನೇ ಸಂಕೇತವನ್ನಷ್ಟೇ ಇಡುತ್ತದೆ. ವಿಂಡೋಸ್ 13 ಮತ್ತು 10 ಎರಡನ್ನೂ, ಲಿನಕ್ಸ್ 10ನ್ನು ಮಾತ್ರ ಇಡುತ್ತವೆ. ಒಳ್ಳೆಯ ಟೆಕ್ಸ್ಟ್ ಎಡಿಟರ್ ಯಾವುದಾದರೂ ಇದನ್ನು ಬದಲಿಸಿಕೊಡುತ್ತದೆ. ಆದರೆ ಅಪ್ಲಿಕೇಶನ್ ಅಥವಾ ಫಾಂಟ್ ಕಡತಗಳನ್ನು ಹಾಗೆಯೇ ಹೊರತರಬೇಡಿ. ಅವುಗಳ ಮುಖ್ಯ ಭಾಗವಿರುವುದು ರಿಸೋರ್ಸ್ ಫೋರ್ಕ್‌ನಲ್ಲಿ, ಅಂದರೆ ಹಳೆಯ ಮ್ಯಾಕ್ ಕಡತದ ಜೊತೆಗೆ ಪ್ರತ್ಯೇಕವಾಗಿಡುವ ಎರಡನೆಯ ಭಾಗದಲ್ಲಿ. ಹೊರಗಿನ ಕಡತವ್ಯವಸ್ಥೆ ಅದನ್ನು ಉಳಿಸಿಕೊಳ್ಳದಿದ್ದರೆ ಕೈಗೆ ಸಿಗುವುದು ಖಾಲಿ ಕಡತ. ಒಳಗೇ ಸ್ಟಫ್‌ಇಟ್ ಅಥವಾ ಬಿನ್‌ಹೆಕ್ಸ್‌ನಿಂದ ಎರಡೂ ಭಾಗಗಳನ್ನು ಒಂದೇ ಕಡತವಾಗಿ ಕಟ್ಟಿದ ನಂತರ ಹೊರತನ್ನಿ, ಇಲ್ಲವಾದರೆ ಡಿಸ್ಕ್ ಇಮೇಜ್ ಅನ್ನೇ ಪ್ರತಿ ಮಾಡಿ ಇಟ್ಟುಕೊಳ್ಳಿ.