“ಸಮಾಧಾನಪಡಿಸಲಾಯಿತು” ಎಂದರೆ ಯಾರು, ಹೇಗೆ?

ಪ್ರಶ್ನೆ: ನಾನು ಮೆಲ್ಬರ್ನ್‌ನ ಒಂದು ಗ್ರೂಪ್ ಹೋಮ್‌ನಲ್ಲಿ (ಅಂಗವೈಕಲ್ಯವುಳ್ಳವರು ಒಟ್ಟಿಗೆ ವಾಸಿಸುವ ಮನೆ) ಎಂಟು ತಿಂಗಳಿಂದ ಸಪೋರ್ಟ್ ವರ್ಕರ್, ಅಂದರೆ ಅವರ ದಿನನಿತ್ಯದ ಸಹಾಯಕಿ/ಸಹಾಯಕ, ಆಗಿದ್ದೇನೆ. ಮೊನ್ನೆ ರಾತ್ರಿ ಊಟದ ಹೊತ್ತಿಗೆ, ಆಟಿಸಂ ಇರುವ, ಮಾತು ಬಾರದ ನಿವಾಸಿಯೊಬ್ಬರು ತಟ್ಟೆ ಎಸೆದರು. ಸಹೋದ್ಯೋಗಿ ಅವರ ಎರಡೂ ಮಣಿಕಟ್ಟು ಹಿಡಿದು ಕೂರಿಸಿದರು. “ನಿವಾಸಿ ಉದ್ರಿಕ್ತರಾಗಿದ್ದರು, ಸಮಾಧಾನಪಡಿಸಲಾಯಿತು” ಎಂಬ ಅರ್ಥದಲ್ಲಿ ನಾನು ಬರೆದ ಘಟನಾ ವರದಿಯನ್ನು ಟೀಮ್ ಲೀಡರ್ ಹಿಂದಿರುಗಿಸಿದ್ದಾರೆ. ಕೈ ಹಿಡಿದ ವಿಷಯ ಬರೆಯಬೇಡಿ ಎಂದು ಸಹೋದ್ಯೋಗಿ ಕೇಳಿಕೊಳ್ಳುತ್ತಿದ್ದಾರೆ. ನನ್ನ ಇಂಗ್ಲಿಷ್ ಸಾಲದೇ?

ಉತ್ತರ: ನಿಮ್ಮ ಇಂಗ್ಲಿಷಿನಲ್ಲಿ ದೋಷವಿಲ್ಲ, ದೋಷವಿರುವುದು ಆ “ಲಾಯಿತು” ಎಂಬಲ್ಲಿ. ನಮ್ಮ ಸರ್ಕಾರಿ ಕಡತಗಳಲ್ಲಿ “ಕ್ರಮ ಕೈಗೊಳ್ಳಲಾಯಿತು” ಎಂದು ಓದಿ ಬೆಳೆದ ನಮಗೆ ಅದು ಗಂಭೀರ ಭಾಷೆಯಾಗಿ ಕೇಳಿಸುತ್ತದೆ, ಆದರೆ ಕೈ ಯಾರದೆಂಬುದನ್ನೇ ಅದು ಮರೆಮಾಡುತ್ತದೆ.

ಆಸ್ಟ್ರೇಲಿಯಾದ ಎನ್‌ಡಿಐಎಸ್ (ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ) ಗುಣಮಟ್ಟ ಮತ್ತು ಸುರಕ್ಷತಾ ಆಯೋಗದ 2018ರ ನಿಯಮಗಳ ಪ್ರಕಾರ, ವಿಧಿವತ್ತಾದ ಅನುಮತಿಯಿಲ್ಲದೆ ವ್ಯಕ್ತಿಯ ಚಲನೆಯನ್ನು ನಿರ್ಬಂಧಿಸುವುದು ನೋಂದಾಯಿತ ಸಂಸ್ಥೆಯು ಆಯೋಗಕ್ಕೆ ತಿಳಿಸಲೇಬೇಕಾದ ಘಟನೆ. ಅದಕ್ಕೆ 5 ಕೆಲಸದ ದಿನಗಳ ಗಡುವಿದೆ. ಅದರಿಂದ ವ್ಯಕ್ತಿಗೆ ಹಾನಿಯಾಗಿದ್ದರೆ 24 ಗಂಟೆಗಳು ಮಾತ್ರ. ಎದುರಿಗಿರುವ ಅಪಾಯದಿಂದ ತಪ್ಪಿಸಲು ಥಟ್ಟನೆ ಕೈಹಿಡಿದು ಆಚೆ ಸರಿಸುವುದು ಬೇರೆ, ಶಾಂತವಾಗುವವರೆಗೆ ಅದುಮಿ ಹಿಡಿಯುವುದು ಬೇರೆ. ಇದು ಯಾವುದೆಂದು ತೀರ್ಮಾನಿಸುವುದು ನಿಮ್ಮ ಹೊಣೆಯಲ್ಲ, ಆದರೆ ಸಂಸ್ಥೆಯವರು ತೀರ್ಮಾನಿಸಲು ಬೇಕಾದ ವಿವರ ಇರುವುದು ನಿಮ್ಮ ಬಳಿ: ಎಷ್ಟು ಹೊತ್ತು ಹಿಡಿದಿದ್ದರು, ಆ ವ್ಯಕ್ತಿ ಕೈ ಬಿಡಿಸಿಕೊಳ್ಳಲು ಯತ್ನಿಸಿದರೇ, ಬಿಟ್ಟ ಮೇಲೆ ಮಣಿಕಟ್ಟಿನಲ್ಲಿ ಕೆಂಪು ಗುರುತಿತ್ತೇ, ಅವರ ವರ್ತನಾ ಬೆಂಬಲ ಯೋಜನೆಯಲ್ಲಿ (ಅವರ ವರ್ತನೆಗೆ ಹೇಗೆ ಸ್ಪಂದಿಸಬೇಕೆಂದು ಬರೆದಿಟ್ಟ ದಾಖಲೆ) ಹೀಗೆ ಹಿಡಿಯಲು ಅವಕಾಶವಿದೆಯೇ.

ತಟ್ಟೆ ಹಾರುವ ಮೊದಲಿನ ಹತ್ತು ನಿಮಿಷಗಳನ್ನೂ ಬರೆಯಿರಿ. ಟಿವಿ ಜೋರಾಗಿತ್ತೇ, ಊಟ ತಡವಾಗಿತ್ತೇ, ಆ ನಿವಾಸಿ ಚಿತ್ರಫಲಕದಲ್ಲಿ (ಬೇಕಾದುದನ್ನು ಚಿತ್ರ ತೋರಿಸಿ ಹೇಳುವ ಹಲಗೆ) ಏನನ್ನಾದರೂ ತೋರಿಸಿದಾಗ ಯಾರೂ ಗಮನಿಸಲಿಲ್ಲವೇ? ಮಾತು ಬಾರದವರ ಪಾಲಿಗೆ ಎಸೆದ ತಟ್ಟೆಯೇ ಕೊನೆಯ ಮಾತಾಗಿರಬಹುದು. “ಉದ್ರಿಕ್ತರಾಗಿದ್ದರು” ಎನ್ನುವುದು ನಿಮ್ಮ ಊಹೆ. ಉದಾಹರಣೆಗೆ, “ಎರಡೂ ಕಿವಿ ಮುಚ್ಚಿಕೊಂಡು ಮುಂದೆ ಹಿಂದೆ ತೂಗುತ್ತಿದ್ದರು” ಎನ್ನುವಂಥದ್ದು ಕಣ್ಣಾರೆ ಕಂಡದ್ದು. ಈ ವ್ಯತ್ಯಾಸ ಕನ್ನಡಿಗರಿಗೆ ಹೊಸದಲ್ಲ: “ಬಿದ್ದರು”, “ಬಿದ್ದರಂತೆ”, “ಬಿದ್ದಿರಬೇಕು” ಎಂದು ಮೂರನ್ನೂ ನಾವು ದಿನವೂ ಬೇರೆಬೇರೆಯಾಗಿ ಆಡುತ್ತೇವೆ. ಇಂಗ್ಲಿಷಿನಲ್ಲಿ ಆ ಪ್ರತ್ಯಯಗಳಿಲ್ಲದ ಕಾರಣ, “ಇದನ್ನು ನಾನು ಕಂಡೆ”, “ಇದನ್ನು ಇಂಥವರು ನನಗೆ ಹೇಳಿದರು” ಎಂದು ಬಿಡಿಸಿ ಬರೆದರಾಯಿತು.

ಸಹೋದ್ಯೋಗಿಯ ಕೋರಿಕೆಯನ್ನು ನೀವು ಒಪ್ಪುವಂತಿಲ್ಲ. ನೀವು ಅವರ ಮೇಲೆ ದೂರು ಕೊಡುತ್ತಿಲ್ಲ, ನಡೆದದ್ದನ್ನು ದಾಖಲಿಸುತ್ತಿದ್ದೀರಿ ಎಂದು ಅವರಿಗೆ ಮೊದಲೇ ತಿಳಿಸುವುದು ಸೌಜನ್ಯ. ಅವರು ಕಂಡದ್ದನ್ನು ಅವರೇ ಬೇರೆಯಾಗಿ ಬರೆಯಲಿ. ಇಬ್ಬರೂ ಕೂತು ಹೊಂದಿಸಿಕೊಂಡು ಬರೆದ ವರದಿ ಎರಡು ಸಾಕ್ಷ್ಯಗಳಾಗಿ ಉಳಿಯುವುದಿಲ್ಲ.

ಗಡುವು ಎಣಿಕೆಯಾಗುವುದು ಸಂಸ್ಥೆಯ ಹೊಣೆಗಾರರಿಗೆ ವಿಷಯ ತಿಳಿದ ಗಳಿಗೆಯಿಂದ. ಹಾಗೆಂದು ತಡಮಾಡಬೇಡಿ; ಮಣಿಕಟ್ಟು ಹಿಡಿದದ್ದನ್ನು ಇಂದೇ ಟೀಮ್ ಲೀಡರ್‌ಗೆ ಬಾಯಿಮಾತಿನಲ್ಲಿ ತಿಳಿಸಿ, ಬಳಿಕ ಬರೆಯಿರಿ. ಮೊದಲ ವರದಿಯನ್ನು ಅಳಿಸಬೇಡಿ, ತಿದ್ದಲೂ ಬೇಡಿ. ಇಂತಹ ದಾಖಲೆಗಳನ್ನು 7 ವರ್ಷ ಕಾಯ್ದಿಡಬೇಕಾಗಿರುವುದರಿಂದ, ಹೊಸ ವಿವರಗಳನ್ನು ಇಂದಿನ ದಿನಾಂಕ ಮತ್ತು ಸಮಯ ಹಾಕಿ ಅದರ ಕೆಳಗೆ ಸೇರಿಸಿ, ಮೊದಲು ಏಕೆ ಬಿಟ್ಟುಹೋಗಿತ್ತೆಂಬುದನ್ನೂ ಒಂದು ಸಾಲಿನಲ್ಲಿ ಬರೆಯಿರಿ.