ಕುದುರೆ ಬರುವುದು ನಾಲ್ಕನೇ ಪುಟದಲ್ಲಿ

ನಮಸ್ಕಾರ.

ಕುದುರೆ ಚಿತ್ರಗಳಿಗೆ ಹೆಸರಾದ ಜಾರ್ಜ್ ಸ್ಟಬ್ಸ್, ಇಂಗ್ಲೆಂಡಿನ ಜೋಸಯಾ ವೆಜ್‌ವುಡ್‌ನ ಕುಂಬಾರಿಕೆ ಕಾರ್ಖಾನೆಗೆ ಉಬ್ಬುಫಲಕ ಮಾಡಿಕೊಟ್ಟ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. 'ಅನಾದಿ ಕಾಲದಿಂದಲೂ ಮಾನವನಿಗೂ ಪ್ರಾಣಿಗಳಿಗೂ' ಅಂತ ಶುರುವಾದರೆ ಯಾರು ಮುಂದೆ ಓದುತ್ತಾರೆ? ಸ್ಟಬ್ಸ್ ಹಾರ್ಕ್‌ಸ್ಟೋ ಎಂಬ ಹಳ್ಳಿಯಲ್ಲಿ ಸತ್ತ ಕುದುರೆಗಳನ್ನು ತೂಗುಹಾಕಿ, ತೊಗಲು ಸುಲಿದು, ಸ್ನಾಯುಗಳನ್ನು ಪದರಪದರವಾಗಿ ಬಿಡಿಸಿ, ತಿಂಗಳುಗಟ್ಟಲೆ ಚಿತ್ರ ಬರೆದವನು. ನೀವು ಅದನ್ನು 'ಆಳವಾದ ಅಧ್ಯಯನ ನಡೆಸಿದರು' ಅಂತ ಮುಗಿಸಿದ್ದೀರಿ. ಆ ನಾತ ಎಲ್ಲಿ ಹೋಯಿತು?

ಇನ್ನು 'ಕೆತ್ತಿದ' ಎಂಬ ಪದ. ಆರು ಕಡೆ ಇದೆ, ಆರೂ ತಪ್ಪು. ಸ್ಟಬ್ಸ್ ಮಾಡಿದ್ದು ಮೆತ್ತನೆಯ ಮಾದರಿ, ಅದೂ ಒಂದೇ ಸಲ. ಅದರಿಂದ ಅಚ್ಚು ತೆಗೆದು, ಜಾಸ್ಪರ್ ಎಂಬ ವೆಜ್‌ವುಡ್‌ನ ಬಿಳಿ ಮಣ್ಣು ಒತ್ತಿ, ಬಿಡಿಸಿ, ನೀಲಿ ಹಲಗೆಗೆ ಅಂಟಿಸಿ ಸುಟ್ಟವರು ಕಾರ್ಖಾನೆಯ ಕೆಲಸಗಾರರು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಬಿಡಿಸಿದ್ದೀರಲ್ವಾ? ಸ್ವಲ್ಪ ಒಳಬಾಗಿದ ಕಾಲೋ ಬಾಲವೋ ಅಚ್ಚಿನಲ್ಲೇ ಸಿಕ್ಕಿಕೊಂಡು ಪಟ್ಟನೆ ಮುರಿಯುತ್ತದೆ. ಇಲ್ಲೂ ಅದೇ ತೊಂದರೆ. ಸ್ಟಬ್ಸ್‌ನ ಫಲಕದಲ್ಲಿರುವುದು ಸಿಂಹ ಕಂಡು ಬೆದರಿದ ಕುದುರೆ. ಅದರ ನಿಗುರಿದ ಜೂಲನ್ನು ಕುಂಚದಲ್ಲಿ ಹೇಗೆ ಬೇಕಾದರೂ ಹಾರಿಸಬಹುದು. ಅಚ್ಚಿನಿಂದ ಸಲೀಸಾಗಿ ಬಿಟ್ಟುಬರುವಂತೆ ಹಾರಿಸುವುದು ಬೇರೆ ಕಸುಬು. ಬಣ್ಣವೂ ಕೈಗೆ ಸಿಗುವುದಿಲ್ಲ. ಇರುವುದು ನೆರಳು ಮಾತ್ರ. ನಿಮ್ಮ ಲೇಖನದ ಜೀವ ಇಲ್ಲಿತ್ತು. ನೀವು ಒಂದೇ ಸಾಲಿನಲ್ಲಿ ದಾಟಿಬಿಟ್ಟಿರಿ.

ವೆಜ್‌ವುಡ್ 1780ರಲ್ಲಿ ಕಾಲಿನಿಂದ ತಿಗರಿ ಒದೆಯುವ ದೃಶ್ಯ ಚೆನ್ನಾಗಿದೆ, ಆದರೆ ಅವನ ಬಲಗಾಲನ್ನು 1768ರಲ್ಲೇ ಕತ್ತರಿಸಿದ್ದರು. ಸುಮ್ನೆ ಕಲ್ಪಿಸಿಕೊಂಡರೆ ಹೀಗೇ ಆಗುವುದು.

ಎಲ್ಲಕ್ಕಿಂತ ಒಳ್ಳೆಯ ಸಂಗತಿಯನ್ನು ಕೊನೆಯ ಪುಟದಲ್ಲಿ ಬಚ್ಚಿಟ್ಟಿದ್ದೀರಿ. ಸ್ಟಬ್ಸ್‌ಗೆ ಎನಾಮೆಲ್, ಅಂದರೆ ಸುಟ್ಟರೆ ಗಾಜಿನಂತೆ ಗಟ್ಟಿಯಾಗುವ ಬಣ್ಣದಲ್ಲಿ ದೊಡ್ಡ ಚಿತ್ರ ಬರೆಯುವ ಹಟ. ತಾಮ್ರದ ತಗಡು ಅಷ್ಟು ದೊಡ್ಡದು ಆಗುತ್ತಿರಲಿಲ್ಲ. ವೆಜ್‌ವುಡ್ ಅವನಿಗಾಗಿ ಮಣ್ಣಿನ ಹಲಗೆ ಸುಡಲು ಹೊರಟ. ಗೂಡಿನಲ್ಲಿ ಒಂದಷ್ಟು ಕೆಟ್ಟು, ಕೊನೆಗೆ ಮೂರಡಿಯವರೆಗೂ ತಲುಪಿದ. ಆ ಹಲಗೆಗಳ ಬಾಕಿಗೆ ಪ್ರತಿಯಾಗಿ ಸ್ಟಬ್ಸ್ 1780ರಲ್ಲಿ ವೆಜ್‌ವುಡ್‌ನ ಮನೆ, ಕಾರ್ಖಾನೆ ಇದ್ದ ಎಟ್ರೂರಿಯಾಕ್ಕೆ ಬಂದು ವೆಜ್‌ವುಡ್ ಮನೆಮಂದಿಯ ಚಿತ್ರ ಬರೆದ. ಉಬ್ಬುಫಲಕಗಳೂ ಆಗಲೇ ಶುರುವಾದದ್ದು. ಸ್ವಲ್ಪ ಅಭ್ಯಾಸವಾದರೆ ಕುಂಚದಷ್ಟೇ ಮಾದರಿ ಮಾಡುವ ಉಪಕರಣಗಳೂ ಅವನಿಗೆ ಒಲಿಯುತ್ತವೆ ಅಂತ ವೆಜ್‌ವುಡ್ ತನ್ನ ಪಾಲುದಾರ ಬೆಂಟ್ಲಿಗೆ ಬರೆದಿದ್ದ. 56ರ ಹೊಸ್ತಿಲಲ್ಲಿದ್ದ ಹೆಸರಾಂತ ಚಿತ್ರಕಾರ, ಕಲಿಯುವ ಹುಡುಗನ ಹಾಗೆ ಮತ್ತೊಬ್ಬರ ಕಾರ್ಖಾನೆಯಲ್ಲಿ ಕೂತಿದ್ದಾನೆ! ಅಲ್ಲಿಂದ ಶುರು ಮಾಡಿ.

'ಮಹಾನ್' ಎಂಬ ಪದ ಎಲ್ಲೂ ಬೇಡ. ಸಾವಿರ ಪದ ಸಾಕು. ತಿದ್ದಿದ್ದು ಬಂದ ವಾರದಲ್ಲೇ ಓದುತ್ತೇನೆ.