ಚಾಟ್‌ಬಾಟ್‌ನಿಂದ ಬರೆಸಿದ ಪ್ರಾಡಕ್ಟ್ ವಿವರಣೆ ಸಪ್ಪೆಯಾಗುವುದೇಕೆ? ಕೊಳ್ಳುವ ಮನಸ್ಸಾಗುವಂತೆ ಬರೆಸುವುದು ಹೇಗೆ?

ಸಾಮಾನಿನ ಹೆಸರು ಕೊಟ್ಟು "ಆಕರ್ಷಕವಾಗಿ ವಿವರಣೆ ಬರೆ" ಎಂದು ಚಾಟ್‌ಜಿಪಿಟಿಗೆ ಹೇಳಿದಿರಿ, ಹತ್ತು ಸಾಮಾನಿಗೂ ಒಂದೇ ಥರದ ಮಾತು ಬಂತು ಎಂದಿದ್ದೀರಿ. ಇನ್ನೂ ಚೆನ್ನಾದ ಪ್ರಾಂಪ್ಟ್ (ಚಾಟ್‌ಬಾಟ್‌ಗೆ ಕೊಡುವ ಸೂಚನೆ) ಯಾವುದು ಎನ್ನುವುದು ನಿಮ್ಮ ಪ್ರಶ್ನೆ. ನನ್ನ ಪ್ರಕಾರ ಕೊರತೆ ಇರುವುದು ಪ್ರಾಂಪ್ಟಿನಲ್ಲಲ್ಲ, ನೀವು ಕೊಟ್ಟ ಮಾಹಿತಿಯಲ್ಲಿ. ಚಾಟ್‌ಬಾಟ್ ನಿಮ್ಮ ಸಾಮಾನನ್ನು ಕೈಯಲ್ಲಿ ಹಿಡಿದು ನೋಡಿಲ್ಲ. ಅಂಥ ಸಾಮಾನಿನ ಬಗ್ಗೆ ಎಲ್ಲರೂ ಬರೆಯುವ ಮಾತನ್ನೇ ಜೋಡಿಸಿ ಕೊಡುತ್ತದೆ. "ಉತ್ತಮ ಗುಣಮಟ್ಟ", "ನಿಮಗಾಗಿಯೇ ಹೇಳಿ ಮಾಡಿಸಿದ್ದು" ಎಲ್ಲ ಬರುವುದು ಹಾಗೆ.

ಆದ್ದರಿಂದ ಮೊದಲು ಪ್ರತಿ ಸಾಮಾನಿಗೂ ಒಂದು ಮಾಹಿತಿ ಪಟ್ಟಿ ಮಾಡಿ. ಸ್ಟೀಲ್ ನೀರಿನ ಬಾಟಲಿ ಎಂದಿಟ್ಟುಕೊಳ್ಳಿ. ಟೇಪು, ತಕ್ಕಡಿ ಹಿಡಿದು ನೀವೇ ಅಳೆದ ಎತ್ತರ, ತಳದ ಅಗಲ, ಖಾಲಿ ತೂಕ; ಎಷ್ಟು ನೀರು ಹಿಡಿಯುತ್ತದೆ; ಯಾವ ಲೋಹ; ಡಬ್ಬಿಯೊಳಗೆ ಏನೇನಿದೆ; ತೊಳೆಯುವುದು ಹೇಗೆ; ವಾರಂಟಿ ಇದೆಯೋ ಇಲ್ಲವೋ. ಯಾವುದಕ್ಕೆ ಬಳಸಬಾರದು ಎನ್ನುವುದನ್ನೂ ಮರೆಯದೆ ಬರೆಯಿರಿ. ಆಮೇಲೆ ಇಂಥದೇ ಸಾಮಾನುಗಳಿಗೆ ಬಂದ ಎರಡು, ಮೂರು ಸ್ಟಾರ್ ರಿವ್ಯೂಗಳನ್ನು ಓದಿ. ಕೊಳ್ಳುವವರ ನಿಜವಾದ ಅನುಮಾನ ಸಿಗುವುದು ಅಲ್ಲೇ: ಮುಚ್ಚಳ ಸೋರುತ್ತದೆಯೇ, ಒಳಗೆ ಕೈ ಹೋಗುತ್ತದೆಯೇ, ಬ್ಯಾಗಿನ ಪಕ್ಕದ ಜೇಬಿನಲ್ಲಿ ಕೂರುತ್ತದೆಯೇ. ಆ ಅನುಮಾನಗಳನ್ನೂ ಪಟ್ಟಿಗೆ ಸೇರಿಸಿ, ನಿಮ್ಮ ಸಾಮಾನನ್ನು ಪರೀಕ್ಷಿಸಿ ಉತ್ತರ ಬರೆಯಿರಿ. ಬೇರೆಯವರ ವಾಕ್ಯವನ್ನು ಹಾಗೇ ಎತ್ತಬೇಡಿ.

ಪ್ರಾಂಪ್ಟ್ ಇಷ್ಟಿದ್ದರೆ ಸಾಕು: "ಕೆಳಗಿನ ಪಟ್ಟಿಯಲ್ಲಿ ಇರುವುದನ್ನು ಮಾತ್ರ ಬಳಸು. ಇಲ್ಲದ ಗುಣ ಸೇರಿಸಬೇಡ. ಮಾಹಿತಿ ಸಾಲದ ಕಡೆ ‘ಮಾಹಿತಿ ಬೇಕು’ ಎಂದು ಬರೆ. ಪ್ರತಿ ಅಳತೆಯ ಜೊತೆಗೆ ಅದರಿಂದ ಬಳಸುವವರಿಗೆ ಏನು ಅನುಕೂಲ ಎಂದು ಹೇಳು. ಬರೆಯುವ ಮೊದಲು, ಕೊಳ್ಳುವವರು ಕೇಳಬಹುದಾದ ಹತ್ತು ಪ್ರಶ್ನೆ ಕೊಡು." ಆ ಹತ್ತರಲ್ಲಿ ಮೂರಕ್ಕೋ ನಾಲ್ಕಕ್ಕೋ ನಿಮ್ಮ ಪಟ್ಟಿಯಲ್ಲಿ ಉತ್ತರ ಇರುವುದಿಲ್ಲ. ಅವನ್ನು ತುಂಬಿಸಿದ ಮೇಲೆಯೇ ಬರೆಸಿ.

ವ್ಯತ್ಯಾಸ ನೋಡಿ. ಮೊದಲು ಬಂದದ್ದು: "ದಿನವಿಡೀ ನಿಮ್ಮ ಜೊತೆಗಿರುವ ಪ್ರೀಮಿಯಂ ಬಾಟಲಿ." ಪಟ್ಟಿ ಕೊಟ್ಟ ಮೇಲೆ: "750 ಮಿ.ಲೀ. ಹಿಡಿಯುತ್ತದೆ, ಖಾಲಿ ತೂಕ 340 ಗ್ರಾಂ. ಬಾಯಿ ಅಗಲವಾಗಿದೆ, ಐಸ್ ತುಂಡು ಸಲೀಸಾಗಿ ಬೀಳುತ್ತದೆ, ಬ್ರಷ್ ತಳದವರೆಗೂ ಹೋಗುತ್ತದೆ. ಸೋಡಾದಂಥ ಪಾನೀಯ ಹಾಕಬೇಡಿ, ಒಳಗಿನ ಒತ್ತಡಕ್ಕೆ ಮುಚ್ಚಳ ಚಿಮ್ಮಬಹುದು." ಕೊನೆಯ ಸಾಲನ್ನು ತೆಗೆದುಬಿಡೋಣ ಅನ್ನಿಸುತ್ತದೆ. ದಯವಿಟ್ಟು ತೆಗೆಯಬೇಡಿ. ಮಿತಿಯನ್ನು ತಾವಾಗಿಯೇ ಹೇಳುವವರ ಉಳಿದ ಮಾತನ್ನೂ ಜನ ನಂಬುತ್ತಾರೆ, ತಪ್ಪಾಗಿ ತಿಳಿದು ಕೊಂಡವರ ರಿಟರ್ನ್ ಕೂಡ ತಪ್ಪುತ್ತದೆ.

ಎಷ್ಟೇ ಎಚ್ಚರ ಹೇಳಿದರೂ ಇಲ್ಲದ್ದು ನುಸುಳುತ್ತದೆ. "24 ಗಂಟೆ ತಣ್ಣಗಿರುತ್ತದೆ", "ಬಿಪಿಎ ಇಲ್ಲ" (ಬಿಪಿಎ ಎಂದರೆ ಕೆಲವು ಪ್ಲಾಸ್ಟಿಕ್‌ಗಳಲ್ಲಿರುವ ಒಂದು ರಾಸಾಯನಿಕ), "ಡಿಶ್‌ವಾಷರ್‌ಗೆ ಹಾಕಬಹುದು" ಎಂಬಂಥವು, ಬಾಟಲಿಗಳ ಲಿಸ್ಟಿಂಗ್‌ಗಳಲ್ಲಿ ಇವು ಮತ್ತೆ ಮತ್ತೆ ಬರುವುದರಿಂದ, ತಾವಾಗಿಯೇ ಸೇರಿಕೊಳ್ಳುತ್ತವೆ. ಪ್ರಕಟಿಸಿದ ಮೇಲೆ ಆ ಸುಳ್ಳು ನಿಮ್ಮದೇ, ಚಾಟ್‌ಬಾಟ್‌ನದಲ್ಲ. ಹೊಸ ಚಾಟ್ ತೆರೆದು, ಪಟ್ಟಿ ಮತ್ತು ವಿವರಣೆ ಎರಡನ್ನೂ ಹಾಕಿ, "ವಿವರಣೆಯ ಪ್ರತಿ ಮಾತಿಗೂ ಪಟ್ಟಿಯ ಯಾವ ಸಾಲು ಆಧಾರ ಎಂದು ತೋರಿಸು" ಅನ್ನಿ. ಆಧಾರ ಸಿಗದ್ದನ್ನು ಹೊಡೆದುಹಾಕಿ. ಅಂಕಿಗಳನ್ನು ಮಾತ್ರ ನಿಮ್ಮ ಕಣ್ಣಿನಿಂದಲೇ ಹೊಂದಿಸಿ ನೋಡಿ.

ಒಂದು ಚಾಟ್‌ನಲ್ಲಿ ಒಂದೇ ಸಾಮಾನು. ಸಾಲಾಗಿ ಬರೆಸುತ್ತಾ ಹೋದರೆ ಹಿಂದಿನದರ ಅಳತೆ ಮುಂದಿನದಕ್ಕೆ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಬೇಕಿದ್ದರೆ ಪಟ್ಟಿಯನ್ನೂ ಕನ್ನಡದಲ್ಲೇ ಕೊಡಿ, ಮಾದರಿಗೆ ನೀವೇ ಬರೆದ ನಾಲ್ಕೈದು ಸಾಲು ಇಡಿ, ಇಲ್ಲದಿದ್ದರೆ ಅನುವಾದದ ವಾಸನೆ ಹೊಡೆಯುತ್ತದೆ.

ಉದ್ದದ ಲೆಕ್ಕವನ್ನು ಚಾಟ್‌ಬಾಟ್‌ಗೆ ಬಿಡಬೇಡಿ. ಅಮೆಜಾನ್‌ನ ಬಹುತೇಕ ವಿಭಾಗಗಳಲ್ಲಿ ಶೀರ್ಷಿಕೆಗೆ 2025ರಲ್ಲಿ 200 ಅಕ್ಷರ ಮಿತಿ ಇತ್ತು; ಗೂಗಲ್ ಮರ್ಚೆಂಟ್ ಸೆಂಟರ್‌ನಲ್ಲಿ (ಗೂಗಲ್‌ನಲ್ಲಿ ಸಾಮಾನು ತೋರಿಸಲು ಅಂಗಡಿಯವರು ವಿವರ ಕೊಡುವ ಜಾಗ) ಶೀರ್ಷಿಕೆಗೆ 150, ವಿವರಣೆಗೆ 5000. ಚಾಟ್‌ಬಾಟ್ ಪಠ್ಯವನ್ನು ಬಿಡಿ ಅಕ್ಷರಗಳಾಗಿ ಅಲ್ಲ, ಟೋಕನ್ ಎಂಬ ತುಣುಕುಗಳಾಗಿ ನೋಡುವುದರಿಂದ ಅಕ್ಷರ ಎಣಿಸುವಾಗ ಎಡವುತ್ತದೆ. ಕನ್ನಡದಲ್ಲಂತೂ ನಮಗೆ ಒಂದಾಗಿ ಕಾಣುವ "ಸ್ಟೀ" ಯೂನಿಕೋಡ್ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಪದ್ಧತಿ) ಲೆಕ್ಕದಲ್ಲಿ ನಾಲ್ಕು. ಎಣಿಕೆಗೆ ಸ್ಪ್ರೆಡ್‌ಶೀಟ್ ಬಳಸಿ. ಮರ್ಚೆಂಟ್ ಸೆಂಟರ್‌ಗೆ ಕಳಿಸುವ ಪಠ್ಯ ಎಐ ಬರೆದದ್ದಾದರೆ ಅದನ್ನು ಮಾಮೂಲಿ ಟೈಟಲ್, ಡಿಸ್ಕ್ರಿಪ್ಷನ್ ಕಾಲಂಗಳಲ್ಲಿ ಅಲ್ಲ, ಸ್ಟ್ರಕ್ಚರ್ಡ್ ಟೈಟಲ್, ಸ್ಟ್ರಕ್ಚರ್ಡ್ ಡಿಸ್ಕ್ರಿಪ್ಷನ್ ಕಾಲಂಗಳಲ್ಲಿ ಕೊಡಬೇಕು.

ಗ್ರಾಹಕರ ರಿವ್ಯೂ ಬರೆಸಲು ಮಾತ್ರ ಚಾಟ್‌ಬಾಟ್ ಬಳಸಲೇಬೇಡಿ, ಅದು ಮೋಸ. ನಿಜವಾದ ರಿವ್ಯೂ, ರಿಟರ್ನ್ ಬರತೊಡಗಿದಾಗ ಅವುಗಳಲ್ಲಿನ ಕಾರಣ ಓದಿ. "ಅಂದುಕೊಂಡದ್ದಕ್ಕಿಂತ ಚಿಕ್ಕದು" ಎಂದು ಇಬ್ಬರು ಬರೆದರೂ ಸಾಕು, ಅಳತೆಯನ್ನು ವಿವರಣೆಯ ಮೊದಲ ಸಾಲಿಗೆ ತನ್ನಿ.